ತುಂಗಭದ್ರೆಯ 19ನೇ ಗೇಟು: ಕಳಚಿದ್ದು ಹೇಗೆ, ಮುಚ್ಚಿದ್ದು ಹೇಗೆ

2024ರ ಆಗಸ್ಟ್ ಎರಡನೇ ವಾರ. ಹಿಂದಿನ ವರ್ಷ ಬರ ಕಂಡಿದ್ದ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಆ ಸಲ ಜನರಿಗೆ ನೆಮ್ಮದಿ ಇತ್ತು. ಜಲಾಶಯ ಭರ್ತಿಯಾಗಿತ್ತು. ಕಾಲುವೆಗೆ ನೀರು ಬಿಟ್ಟಾಗಿತ್ತು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಭತ್ತದ ನಾಟಿ ಜೋರಾಗಿ ನಡೆದಿತ್ತು. 13ನೇ ತಾರೀಕು ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸುವುದೆಂದೂ ನಿಗದಿಯಾಗಿತ್ತು. ಹೀಗಿರುವಾಗ 10ನೇ ತಾರೀಕು ಶನಿವಾರ ರಾತ್ರಿ 11ರ ಸುಮಾರಿಗೆ ಅಣೆಕಟ್ಟೆಯ ಕೋಡಿಯ ಮೇಲೆ ನೀರು ತಡೆದು ನಿಲ್ಲಿಸುವ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಚೈನ್ ಲಿಂಕ್, ಅಂದರೆ ಗೇಟನ್ನು ಎತ್ತಿ ಇಳಿಸುವ ಸರಪಳಿಯ ಕೊಂಡಿ, ಕಡಿದು, ಇಡೀ ಗೇಟೇ ನೀರಿನಲ್ಲಿ ಕೊಚ್ಚಿಕೊಂಡು ಹೋಯಿತು.

ಯಾರ ಜೀವವೂ ಹೋಗಲಿಲ್ಲ. ಅಣೆಕಟ್ಟೆಯ ಕಲ್ಲಿನ ಗೋಡೆಗೆ ಏನೂ ಆಗಲಿಲ್ಲ. ಒಂದೇ ವಾರದಲ್ಲಿ ಆ ಬಾಯಿ ಮುಚ್ಚಿತು. ಮಳೆ ಮುಂದುವರಿದು ಸೆಪ್ಟೆಂಬರ್ ಹೊತ್ತಿಗೆ ಜಲಾಶಯ ಮತ್ತೆ ತುಂಬುತ್ತ ಬಂತು. ಹಾಗಾಗಿ ಬಹಳ ಜನ ಈ ಘಟನೆಯನ್ನು ಸುಖಾಂತ್ಯವೆಂದೇ ನೆನೆಯುತ್ತಾರೆ. ಆದರೆ ಅಣೆಕಟ್ಟೆಗಳ ಸುರಕ್ಷತೆ ಎಲ್ಲಿ ಸಡಿಲವಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಪ್ರಕರಣ ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ. ನೀರನ್ನು ನಿಲ್ಲಿಸಿ, ಒಣಗಿಸಿ, ಕೈಯಿಂದ ಮುಟ್ಟಿ ನೋಡಲು ಆಗದ ಭಾಗವನ್ನು ನಾವು ದಶಕಗಳ ಕಾಲ ‘ಪರಿಶೀಲಿಸಲಾಗಿದೆ’ ಎಂದು ಬರೆದುಕೊಳ್ಳುತ್ತ ಬಂದರೆ ಏನಾಗುತ್ತದೆ ಎಂಬುದೇ 19ನೇ ಗೇಟಿನ ಕಥೆ.

ಕಲ್ಲು ಮತ್ತು ಕಬ್ಬಿಣ

ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ. ಆಗ ನದಿಯ ಎಡದಂಡೆ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು, ಬಲದಂಡೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕಟ್ಟಿ ಮುಗಿಯುವ ಹೊತ್ತಿಗೆ, 1953ರಲ್ಲಿ, ದೇಶವೇ ಬೇರೆಯಾಗಿತ್ತು. ಸುಣ್ಣ ಮತ್ತು ಸುರ್ಕಿಯ (ಸುಟ್ಟ ಇಟ್ಟಿಗೆಯ ಪುಡಿ) ಗಾರೆಯಲ್ಲಿ ಕಲ್ಲು ಕೂರಿಸಿ ಕಟ್ಟಿದ ಈ ಗೋಡೆ ಸುಮಾರು 49 ಮೀಟರ್ ಎತ್ತರ, ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದ. ಎಪ್ಪತ್ತು ವರ್ಷ ಕಳೆದರೂ ಗಟ್ಟಿಯಾಗಿ ನಿಂತಿದೆ. ಟಿಬಿ ಡ್ಯಾಂ ನೋಡಲು ಬಂದವರು ಬೆರಗಾಗುವುದು ಈ ಕಲ್ಲಿನ ಕೆಲಸಕ್ಕೇ.

ಆದರೆ ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಅದರ ಕೊನೆಯ 20 ಅಡಿ ನೀರು ನಿಂತಿರುವುದು ಕಲ್ಲಿನ ಮೇಲಲ್ಲ, ಕಬ್ಬಿಣದ ಮೇಲೆ. ಕೋಡಿಯ ನೆತ್ತಿ 1,613 ಅಡಿಯಲ್ಲಿದೆ. ಅದರ ಮೇಲೆ 60 ಅಡಿ ಅಗಲ, 20 ಅಡಿ ಎತ್ತರದ 33 ಗೇಟುಗಳು ಸಾಲಾಗಿ ನಿಂತಿವೆ. ಹೂಳು ತುಂಬಿ ಜಲಾಶಯದ ಮೂಲ ಸಾಮರ್ಥ್ಯದಲ್ಲಿ ಸುಮಾರು ಐದನೇ ಒಂದು ಭಾಗ ಈಗಾಗಲೇ ಹೋಗಿದೆ. 133 ಟಿಎಂಸಿ ಅಡಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಇದ್ದದ್ದು ಈಗ 105.788 ಟಿಎಂಸಿ. ಹೂಳು ಕೂರುವುದು ತಳದಲ್ಲೂ ಹಿನ್ನೀರಿನ ಅಂಚಿನಲ್ಲೂ. ಹೀಗಾಗಿ ಈ ಮೇಲಿನ 20 ಅಡಿಯ ಬೆಲೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಬಂದಿದೆ. ಜಲಾಶಯದಲ್ಲಿ ಈಗ ಹಿಡಿಯುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು, 60 ಟಿಎಂಸಿಗೂ ಮೀರಿದ್ದು, ಈ ಗೇಟುಗಳ ಹಿಂದೆ ನಿಲ್ಲುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ರೈತರ ಜೊತೆಗೆ ಆಂಧ್ರದ ರಾಯಲಸೀಮೆ ಮತ್ತು ತೆಲಂಗಾಣದ ರೈತರ ಬೆಳೆಯೂ ಅದನ್ನೇ ನಂಬಿಕೊಂಡಿದೆ.

ಜಲಾಶಯ ತುಂಬಿದಾಗ ಇಂಥ ಒಂದೊಂದು ಗೇಟಿನ ಮೇಲೆ ನೀರು ಒತ್ತುವ ಭಾರ ಸುಮಾರು 340 ಟನ್. ಈ ಒತ್ತಡ ಪಕ್ಕದ ಕಂಬಗಳಿಗೆ ಹೋಗುತ್ತದೆ, ಸರಪಳಿಗಲ್ಲ. ಸರಪಳಿ ಹೊರುವುದು ಗೇಟಿನ ಸ್ವಂತ ತೂಕವನ್ನು. ಏರಿಸುವಾಗ ಇಳಿಸುವಾಗ ಪಕ್ಕದ ಸೀಳಿನಲ್ಲಿ ಹುಟ್ಟುವ ಘರ್ಷಣೆಯನ್ನೂ ಅದೇ ತಡೆದುಕೊಳ್ಳಬೇಕು. ಗೇಟು ತುಸು ಎತ್ತಿದ ಸ್ಥಿತಿಯಲ್ಲಿ ಸರಪಳಿ ತುಂಡಾಯಿತೆಂದರೆ, ಅಡಿಯಿಂದ ನುಗ್ಗುವ ನೀರಿನ ನಡುವೆ ಗೇಟು ಅಡ್ಡಾದಿಡ್ಡಿಯಾಗಿ ವಾಲುತ್ತದೆ. ಆಮೇಲೆ ಅದು ತನ್ನ ಸೀಳಿನಲ್ಲಿ ನಿಲ್ಲುವುದು ಕಷ್ಟ.

ಆ ವಾರ ನಡೆದದ್ದು

ಮೊದಲು ಮಾಡಿದ್ದು ಉಳಿದ ಗೇಟುಗಳನ್ನೂ ಎತ್ತಿ ನದಿಗೆ ಲಕ್ಷ ಕ್ಯೂಸೆಕ್ (ಸೆಕೆಂಡಿಗೆ ಲಕ್ಷ ಘನ ಅಡಿ) ಆಸುಪಾಸು ನೀರು ಬಿಟ್ಟದ್ದು. ಹೊರಗಿನಿಂದ ನೋಡಿದವರಿಗೆ ಇದು ವಿಚಿತ್ರವಾಗಿ ಕಂಡಿತು. ಒಂದು ಗೇಟಿನಿಂದ ನೀರು ಪೋಲಾಗುತ್ತಿರುವಾಗ ಇನ್ನೂ ಮೂವತ್ತೆರಡನ್ನು ಎತ್ತುವುದೇ ಎಂದು ರೈತರು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅದು ಸರಿಯಾದ ಹೆಜ್ಜೆಯೇ ಆಗಿತ್ತು ಎಂದು ನನ್ನ ಅಭಿಪ್ರಾಯ. ಬಾಯಿ ಮುಚ್ಚಬೇಕಾದರೆ ನೀರಿನ ಮಟ್ಟ ಇಳಿಯಲೇಬೇಕು. ಉಳಿದ ಗೇಟುಗಳ ಸರಪಳಿಗಳಿಗೂ ಅದೇ ವಯಸ್ಸು, ಅವುಗಳ ಮೇಲೂ ಭರವಸೆ ಇಡುವ ಹಾಗಿರಲಿಲ್ಲ. ನದಿಪಾತ್ರದ ಊರುಗಳಿಗೆ ಎಚ್ಚರಿಕೆ ಕೊಡಲಾಯಿತು.

ಇಲ್ಲಿ ಒಂದು ಅಂಕಿಯ ಬಗ್ಗೆ ಹೇಳಿಬಿಡುತ್ತೇನೆ. 19ನೇ ಗೇಟೊಂದರಿಂದಲೇ 35 ಸಾವಿರ ಕ್ಯೂಸೆಕ್ ಹೋಗುತ್ತಿದೆ ಎಂದು ಆ ದಿನಗಳಲ್ಲಿ ಎಲ್ಲ ಕಡೆ ಪ್ರಕಟವಾಯಿತು. 60 ಅಡಿ ಅಗಲ, 20 ಅಡಿ ಆಳದ ತೆರೆದ ಬಾಯಿಗೆ ಲೆಕ್ಕ ಹಾಕಿದರೆ ಬರುವುದು 20 ಸಾವಿರ ಕ್ಯೂಸೆಕ್ ಆಸುಪಾಸು. ಇಡೀ ಕೋಡಿಯ ವಿನ್ಯಾಸ ಸಾಮರ್ಥ್ಯ 6.5 ಲಕ್ಷ ಕ್ಯೂಸೆಕ್. ಅದನ್ನು 33ರಿಂದ ಭಾಗಿಸಿದರೂ ಅದೇ ಉತ್ತರ. ಅಪಾಯದ ಹೊತ್ತಿನಲ್ಲಿ ಅಂಕಿಗಳು ಹೀಗೆ ಉಬ್ಬುವುದು ಸಹಜ. ಆದರೆ ಎಷ್ಟು ದಿನದಲ್ಲಿ ಎಷ್ಟು ನೀರು ಹೋಗುತ್ತದೆ ಎಂಬ ಲೆಕ್ಕದ ಮೇಲೇ ಆ ವಾರದ ಪ್ರತಿ ತೀರ್ಮಾನ ನಿಂತಿತ್ತು. ಹಾಗಾಗಿ ಹರಿವಿನ ಅಂಕಿ ಸರಿಯಾಗಿರುವುದೂ ಸುರಕ್ಷತೆಯ ಭಾಗವೇ.

ನಿಜವಾದ ಇಕ್ಕಟ್ಟು ಎದುರಾದದ್ದು ಇನ್ನೊಂದು ಕಡೆ. ನಿಯಮದಂತೆ ಹೋದರೆ, ನೀರನ್ನು ಕೋಡಿಯ ನೆತ್ತಿಗಿಂತ ಕೆಳಗಿಳಿಸಿ ಹೊಸ ಗೇಟು ಕೂರಿಸಬೇಕು. ಅಂದರೆ 60 ಟಿಎಂಸಿಗೂ ಹೆಚ್ಚು ನೀರು ನದಿಗೆ. ಲಕ್ಷ ಕ್ಯೂಸೆಕ್ ಹರಿದರೆ ದಿನಕ್ಕೆ ಖರ್ಚಾಗುವುದು ಸುಮಾರು ಎಂಟೂವರೆ ಟಿಎಂಸಿ. ಒಂದು ವಾರದಲ್ಲಿ ಒಂದು ಬೆಳೆಯ ನೀರು ಖಾಲಿ. ಮಳೆ ಮತ್ತೆ ಬಂದೀತು ಎಂದು ಆಗಸ್ಟ್ ಮಧ್ಯದಲ್ಲಿ ಯಾರು ಭರವಸೆ ಕೊಡುತ್ತಾರೆ? ಇನ್ನೊಂದು ದಾರಿಯೆಂದರೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸುವುದು. ಅಂದರೆ ಅಡ್ಡಪಟ್ಟಿಗಳಂಥ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಬಾಯಿ ಮುಚ್ಚುವುದು. ಸಾಮಾನ್ಯವಾಗಿ ಇವನ್ನು ನಿಂತ ನೀರಿನಲ್ಲಿ ಇಳಿಸುತ್ತಾರೆ. ನುಗ್ಗುವ ನೀರು ತುಂಡನ್ನು ಎಳೆದೊಯ್ಯಬಹುದು, ಕ್ರೇನಿನ ಸಮತೋಲ ತಪ್ಪಬಹುದು, ಕೆಳಗೆ ಇಳಿದು ಕೊಂಡಿ ಬಿಡಿಸುವ ಕೆಲಸಗಾರನ ಜೀವಕ್ಕೇ ಕುತ್ತು ಬರಬಹುದು.

ಈ ಎರಡನೇ ದಾರಿಯನ್ನೇ ಹಿಡಿದರು. ಮುಂದಾಳತ್ವ ವಹಿಸಿದವರು ಕನ್ನಯ್ಯ ನಾಯ್ಡು. ಜಲಾಶಯದ ಗೇಟುಗಳ ಕೆಲಸದಲ್ಲೇ ಜೀವನ ಸವೆಸಿದ, ಎಪ್ಪತ್ತು ದಾಟಿದ ತಜ್ಞ. ಅವರು ದುಡಿದದ್ದು ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್‌ನಲ್ಲಿ. ದೇಶದ ಅನೇಕ ಅಣೆಕಟ್ಟೆಗಳಿಗೆ ಗೇಟು ಮಾಡಿಕೊಟ್ಟಿದ್ದ, ಡ್ಯಾಮಿನ ಮಗ್ಗುಲಲ್ಲೇ ಇದ್ದ ಆ ಸಾರ್ವಜನಿಕ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸಂಪುಟ 2015ರಲ್ಲಿ ತೀರ್ಮಾನಿಸಿತು. ಗೇಟು ಕಳಚಿದಾಗ ಕರೆ ಹೋದದ್ದು ಅಲ್ಲಿಂದ ನಿವೃತ್ತರಾದವರಿಗೆ. ಕಾರ್ಖಾನೆ ಮುಚ್ಚಿದರೂ ಅನುಭವ ಒಬ್ಬ ಮನುಷ್ಯನಲ್ಲಿ ಉಳಿದಿತ್ತು, ಅದು ನಮ್ಮ ಪುಣ್ಯ. ಇಂಥ ಪುಣ್ಯವನ್ನೇ ನೆಚ್ಚಿಕೊಂಡು ಅಣೆಕಟ್ಟೆ ನಡೆಸುವಂತಿಲ್ಲ. ಇಂದು ಮೂವತ್ತರ ಹರೆಯದಲ್ಲಿರುವ ಎಷ್ಟು ಎಂಜಿನಿಯರುಗಳಿಗೆ ತುಂಬಿದ ಜಲಾಶಯದ ಮೇಲೆ ನಿಂತು ಗೇಟು ಇಳಿಸಿದ ಅನುಭವವಿದೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡುತ್ತದೆ.

60 ಅಡಿ ಉದ್ದ, 4 ಅಡಿ ಎತ್ತರದ ಐದು ತುಂಡುಗಳನ್ನು ಹೊಸಪೇಟೆಯ ಸುತ್ತಲಿನ ಕಾರ್ಖಾನೆಗಳಲ್ಲಿ, ಜಿಂದಾಲ್ ಸೇರಿದಂತೆ, ಹಗಲು ರಾತ್ರಿ ದುಡಿದು ತಯಾರಿಸಿದರು. ಮೊದಲ ಪ್ರಯತ್ನ ಫಲಿಸಲಿಲ್ಲ. ಮತ್ತೆ ಸಿದ್ಧತೆ ಮಾಡಿಕೊಂಡು ಆಗಸ್ಟ್ 16ರ ಸಂಜೆ ಮೊದಲ ತುಂಡನ್ನು ಇಳಿಸಿ ಕೂರಿಸಿದರು. ಅದು ಕೂತ ಮೇಲೆ ಉಳಿದವು ಒಂದರ ಹಿಂದೊಂದು ಕೂತವು. 17ರ ಹೊತ್ತಿಗೆ ಐದೂ ಇಳಿದು ಬಾಯಿ ಮುಚ್ಚಿತು. ಅಷ್ಟರಲ್ಲಿ 30 ಟಿಎಂಸಿಗೂ ಹೆಚ್ಚು ನೀರು ಹೋಗಿ, ಜಲಾಶಯದಲ್ಲಿ 70 ಟಿಎಂಸಿ ಆಸುಪಾಸು ಉಳಿದಿತ್ತು. ನಾಟಿ ಮಾಡಿದ್ದ ಭತ್ತಕ್ಕೆ ಅಷ್ಟು ಸಾಕಿತ್ತು. ಕ್ರೇನಿನ ಹಗ್ಗಕ್ಕೆ ಜೋತು, ಅಬ್ಬರಿಸುವ ನೀರಿನ ಮೇಲೆ ಕೆಲಸ ಮಾಡಿದ ಆ ಕಾರ್ಮಿಕರಿಗೆ ಈ ಅಚ್ಚುಕಟ್ಟು ಋಣಿಯಾಗಿರಬೇಕು.

ಒಂದು ಕೊಂಡಿಯನ್ನು ಪರೀಕ್ಷಿಸುವುದೆಂದರೆ

ಚೈನ್ ಏಕೆ ಕಡಿಯಿತು ಎಂಬ ಪ್ರಶ್ನೆಗೆ ಹೆಚ್ಚಿನವರು ಕೊಟ್ಟ ಉತ್ತರ ‘ಹಳೆಯದಾಗಿತ್ತು’. ಎಪ್ಪತ್ತು ವರ್ಷದ ಗೇಟು ಹಳೆಯದೇ. ಇಂಥ ಗೇಟುಗಳ ಬಾಳಿಕೆಯನ್ನು ಸಾಮಾನ್ಯವಾಗಿ 40–50 ವರ್ಷವೆಂದು ಹಿಡಿಯುತ್ತಾರೆ. ಆದರೆ ವಯಸ್ಸಾಯಿತು ಎನ್ನುವುದು ಕಾರಣವಲ್ಲ. ಸವೆತ ಎಲ್ಲಿ, ಎಷ್ಟು ಎಂಬುದನ್ನು ಮೊದಲೇ ಕಂಡುಕೊಳ್ಳುವ ವ್ಯವಸ್ಥೆ ಇರಲಿಲ್ಲ ಎಂಬುದು ಕಾರಣ.

ಗೇಟಿನ ಸರಪಳಿಯನ್ನು ಹತ್ತಿರದಿಂದ ನೋಡಿದರೆ ಸಮಸ್ಯೆ ಅರ್ಥವಾಗುತ್ತದೆ. ಹೊರಗೆ ಕಾಣುವುದು ಬಣ್ಣ ಮತ್ತು ಗ್ರೀಸು. ಸವೆಯುವುದು ಮಾತ್ರ ಕೊಂಡಿ ಮತ್ತು ಪಿನ್ ಒಂದಕ್ಕೊಂದು ತಾಗುವ ಒಳಮೈ. ಅಲ್ಲಿ ಗ್ರೀಸು ಒಣಗಿ ಗಟ್ಟಿಯಾಗಿರುತ್ತದೆ, ಧೂಳು ಮೆತ್ತಿಕೊಂಡು ಉಜ್ಜುತ್ತಿರುತ್ತದೆ. ಪಿನ್ ಸಲೀಸಾಗಿ ತಿರುಗದೆ ಬಿಗಿದುಕೊಂಡರೆ, ಚಕ್ರದ ಮೇಲೆ ಸರಪಳಿ ಬಾಗುವಾಗಲೆಲ್ಲ ಕೊಂಡಿಯೇ ಬಾಗಬೇಕಾಗುತ್ತದೆ. ಕೂದಲೆಳೆಯಂಥ ಬಿರುಕು ಹುಟ್ಟುವುದು ಅಲ್ಲಿ. ಪ್ರತಿ ಮುಂಗಾರಿನಲ್ಲಿ ಗೇಟು ಏರಿಳಿದ ಹಾಗೆಲ್ಲ ಅದು ಒಂದಿಷ್ಟು ಮುಂದೆ ಸರಿಯುತ್ತದೆ. ಮೇಲಿನಿಂದ ನೋಡಿ ‘ಸರಿಯಿದೆ’ ಎಂದು ಬರೆದರೆ ಬರೆದವನ ಕಣ್ಣಿಗೆ ಅದು ಸರಿಯಾಗಿಯೇ ಕಂಡಿರುತ್ತದೆ.

ಇದನ್ನು ಹಿಡಿಯುವ ವಿಧಾನಗಳು ಹೊಸವಲ್ಲ, ದುಬಾರಿಯೂ ಅಲ್ಲ. ಗ್ರೀಸು ಪೂರ್ತಿ ತೊಳೆದು, ಕೊಂಡಿಯ ಮೇಲೆ ಕೆಂಪು ಬಣ್ಣದ ದ್ರಾವಣ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಎದ್ದು ಕಾಣುತ್ತದೆ. ಗೇಟಿನ ಹಲಗೆಯ ದಪ್ಪ ಎಷ್ಟು ಉಳಿದಿದೆ ಎಂಬುದನ್ನು ಅಲ್ಟ್ರಾಸಾನಿಕ್ ಉಪಕರಣ ಕ್ಷಣದಲ್ಲಿ ಹೇಳುತ್ತದೆ. ಗೇಟು ಎತ್ತುವಾಗ ಮೋಟಾರು ಎಷ್ಟು ಕರೆಂಟು ಎಳೆಯುತ್ತದೆ ಎಂದು ಪ್ರತಿ ವರ್ಷ ಬರೆದಿಟ್ಟರೂ ಸಾಕು. ಕಳೆದ ವರ್ಷಕ್ಕಿಂತ ಹೆಚ್ಚು ಎಳೆದರೆ ಎಲ್ಲೋ ಬಿಗಿಯಾಗುತ್ತಿದೆ ಎಂದೇ ಅರ್ಥ. ಎರಡೂ ಬದಿಯ ಸರಪಳಿ ಸಮನಾಗಿ ಭಾರ ಹೊರುತ್ತಿದೆಯೇ ಎಂದು ಅಳೆಯಬೇಕು. ಒಂದು ಬದಿ ಸಡಿಲವಿದ್ದರೆ ಇನ್ನೊಂದು ಬದಿ ಎರಡರಷ್ಟು ಹೊರುತ್ತದೆ. ಇದಕ್ಕೆಲ್ಲ ಬೇಕಾದದ್ದು ಗೇಟಿನ ಬಳಿ ನೀರಿಲ್ಲದ ದಿನಗಳು, ಮತ್ತು ಗೇಟನ್ನು ಪೂರ್ತಿ ಎತ್ತಿ ಇಳಿಸಿ ನೋಡುವ ಅವಕಾಶ.

ತುಂಗಭದ್ರೆಯ ಮೂಲ ದೋಷ ಇರುವುದು ಇಲ್ಲೇ. ಈ ಕೋಡಿಯ ಗೇಟುಗಳ ಮುಂದೆ ಸ್ಟಾಪ್‌ಲಾಗ್ ಇಳಿಸಲು ಪ್ರತ್ಯೇಕ ಸೀಳಿನ ವ್ಯವಸ್ಥೆ ಇರಲಿಲ್ಲ. ಇದ್ದಿದ್ದರೆ, ಜಲಾಶಯ ತುಂಬಿದ್ದಾಗಲೂ ಒಂದು ಗೇಟಿನ ಮುಂದೆ ಅಡ್ಡಪಟ್ಟಿ ಇಳಿಸಿ, ಆ ಗೇಟನ್ನು ಒಣಗಿಸಿ, ಬಿಚ್ಚಿ, ರಿಪೇರಿ ಮಾಡಿ ಮತ್ತೆ ಕೂರಿಸಬಹುದಿತ್ತು. ಆಗಸ್ಟ್ 10ರ ರಾತ್ರಿಯೂ ಗೋದಾಮಿನಲ್ಲಿದ್ದ ಅಡ್ಡಪಟ್ಟಿಗಳನ್ನು ತಂದು ಇಳಿಸುವ ಕೆಲಸವಷ್ಟೇ ಇರುತ್ತಿತ್ತು, ಕಾರ್ಖಾನೆಗೆ ಓಡಿ ಹೊಸದಾಗಿ ಮಾಡಿಸುವ ಕೆಲಸವಲ್ಲ. ಗೇಟು ಕಳಚುವುದಕ್ಕೆ ಮೂರು ವರ್ಷ ಮೊದಲು, 2021ರ ಆಗಸ್ಟ್ 5ರಂದು, ಕೃಷ್ಣಾ ನದಿಯ ಪುಲಿಚಿಂತಲ ಯೋಜನೆಯಲ್ಲಿ 16ನೇ ಗೇಟು ಕೊಚ್ಚಿಹೋಗಿತ್ತು. ಅಲ್ಲೂ ಸ್ಟಾಪ್‌ಲಾಗ್ ಇಳಿಸಿಯೇ ನೀರು ತಡೆದದ್ದು. 2022ರ ಸೆಪ್ಟೆಂಬರ್‌ನಲ್ಲಿ ಪಾಲಕ್ಕಾಡ್ ಜಿಲ್ಲೆಯ ಪರಂಬಿಕುಳಂನಲ್ಲಿ ಗೇಟಿನ ಭಾರಕ್ಕೆ ಸಮತೋಲ ಕೊಡುವ ಪ್ರತಿತೂಕದ ಚೈನ್ ಕಡಿದು ಗೇಟೊಂದು ಹೋಯಿತು. ಅದೂ ಸರಪಳಿಯೇ, ಅದೂ ರಾತ್ರಿ ಹೊತ್ತೇ, ಅಲ್ಲೂ ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಡಬೇಕಾಯಿತು. ಪರಂಬಿಕುಳಂ ಆದ ಮರುದಿನವೇ ದಕ್ಷಿಣ ಭಾರತದ ಪ್ರತಿ ಅಣೆಕಟ್ಟೆಯಲ್ಲೂ ಚೈನ್ ಇರುವ ಗೇಟುಗಳನ್ನು ಬಿಚ್ಚಿ ನೋಡಬೇಕಿತ್ತು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಒಂದು ಕಡೆಯ ಅಪಘಾತದ ವರದಿ ಇನ್ನೊಂದು ಕಡೆಯ ತಪಾಸಣೆ ಪಟ್ಟಿಯೊಳಗೆ ಬಾರದಿದ್ದರೆ ಆ ವರದಿಯಿಂದ ಯಾರಿಗೆ ಪ್ರಯೋಜನ?

ಹೊರದೇಶದ ಒಂದು ಉದಾಹರಣೆ ಇಲ್ಲಿಗೆ ನೇರವಾಗಿ ಹೊಂದುತ್ತದೆ. 1995ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಫೋಲ್ಸಮ್ ಅಣೆಕಟ್ಟೆಯ 3ನೇ ಗೇಟನ್ನು ಎತ್ತುತ್ತಿರುವಾಗ ಮುರಿದು, ಜಲಾಶಯದ ಸುಮಾರು ಶೇ. 40ರಷ್ಟು ನೀರು ಹರಿದುಹೋಯಿತು. ಗೇಟು ತಿರುಗುವ ಪಿನ್ನಿನಲ್ಲಿ ವರ್ಷಗಳಿಂದ ತುಕ್ಕು ಕೂತು ಘರ್ಷಣೆ ಹೆಚ್ಚಿತ್ತು. ವಿನ್ಯಾಸ ಮಾಡಿದವರು ಆ ಘರ್ಷಣೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಲ್ಲಿಯೂ ಗೋಡೆ ಗಟ್ಟಿಯಾಗಿತ್ತು. ಸೋತದ್ದು ಕಣ್ಣಿಗೆ ಬೀಳದ, ಗ್ರೀಸು ತಲುಪದ ಒಂದು ಪಿನ್. ಅದಾದ ಮೇಲೆ ಅಮೆರಿಕದಲ್ಲಿ ಅಂಥ ಗೇಟುಗಳ ಪಿನ್ ಪರೀಕ್ಷೆ ಮತ್ತು ಗ್ರೀಸಿನ ಬಗ್ಗೆ ನಿಗಾ ಹೆಚ್ಚಿತು.

ಕಾನೂನು ಇದೆ, ಆದರೆ

ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟೆಗಳೂ, 10ರಿಂದ 15 ಮೀಟರಿನ ಕೆಲವೂ ಅದರ ವ್ಯಾಪ್ತಿಗೆ ಬರುತ್ತವೆ. ಮಾಲೀಕರು ಮುಂಗಾರಿಗೆ ಮೊದಲು ಒಮ್ಮೆ, ಮುಂಗಾರಿನ ನಂತರ ಒಮ್ಮೆ ತಪಾಸಣೆ ಮಾಡಿಸಬೇಕು. ಪ್ರವಾಹ, ಭೂಕಂಪದ ನಂತರವೂ ಮಾಡಿಸಬೇಕು. ತುರ್ತು ಕ್ರಿಯಾ ಯೋಜನೆ ಸಿದ್ಧವಿರಬೇಕು, ಸ್ವತಂತ್ರ ತಜ್ಞರಿಂದ ಸಮಗ್ರ ಸುರಕ್ಷತಾ ಮೌಲ್ಯಮಾಪನ ಆಗಬೇಕು. ಕಾಗದದ ಮೇಲೆ ಇದು ಒಳ್ಳೆಯ ಕಾನೂನು.

ತುಂಗಭದ್ರೆಯನ್ನು ನಡೆಸುವುದು 1953ರಲ್ಲಿ ರಚನೆಯಾದ ತುಂಗಭದ್ರಾ ಮಂಡಳಿ. ಕೇಂದ್ರ ನೇಮಿಸುವ ಅಧ್ಯಕ್ಷರು, ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣದ ಪ್ರತಿನಿಧಿಗಳು. ಗೇಟು ಹೋದ ಮೇಲೆ ಹೊಣೆ ಯಾರದು ಎಂಬ ಜಗಳ ಪಕ್ಷಗಳ ನಡುವೆ ಬೇಕಾದಷ್ಟು ನಡೆಯಿತು. ಅದರಲ್ಲಿ ಹೊಸದಾಗಿ ತಿಳಿದದ್ದು ಏನೂ ಇಲ್ಲ.

ಹೆಚ್ಚು ಮಹತ್ವದ್ದು ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿ ಹೇಳಿದ್ದು. 19ನೆಯದನ್ನಷ್ಟೇ ಅಲ್ಲ, 33 ಗೇಟುಗಳನ್ನೂ ಬದಲಿಸಬೇಕು ಎಂದು ಸಮಿತಿ ಶಿಫಾರಸು ಮಾಡಿತು. ಗೇಟು ಹೋಗುವ ತನಕ ಯಾರ ಬಾಯಲ್ಲೂ ಬಾರದಿದ್ದ ಮಾತು ಗೇಟು ಹೋದ ಕೆಲವೇ ತಿಂಗಳಲ್ಲಿ ಅಧಿಕೃತ ಶಿಫಾರಸಾಯಿತು. ಅಂದರೆ ಆ ಸ್ಥಿತಿ ಒಂದೇ ವರ್ಷದಲ್ಲಿ ಬಂದದ್ದಲ್ಲ. ಅದಕ್ಕಿಂತ ಮೊದಲಿನ ಮುಂಗಾರುಪೂರ್ವ ತಪಾಸಣೆಗಳಲ್ಲಿ ಏನು ಬರೆದಿದ್ದರು ಎಂಬುದನ್ನು ಅಚ್ಚುಕಟ್ಟಿನ ಪ್ರತಿ ರೈತನಿಗೂ ಓದಲು ಸಿಗುವ ಹಾಗೆ ಪ್ರಕಟಿಸಬೇಕು.

ಆಮೇಲಿನ ಬೆಲೆ

2024ರಲ್ಲಿ ಮಳೆ ಕೈಹಿಡಿದಿದ್ದರಿಂದ ಆ ವರ್ಷದ ಬೆಳೆಗೆ ಪೆಟ್ಟು ಬೀಳಲಿಲ್ಲ. ಬೆಲೆ ತೆತ್ತದ್ದು ಮರುವರ್ಷ. 2025ರ ಮುಂಗಾರಿನಲ್ಲಿ ಒಳಹರಿವು ಚೆನ್ನಾಗಿದ್ದರೂ ಗೇಟುಗಳ ಮೇಲೆ ಭಾರ ಹಾಕಲು ಧೈರ್ಯವಿಲ್ಲದೆ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. 25 ಟಿಎಂಸಿಯಷ್ಟು ನೀರು ಕಣ್ಣೆದುರೇ ನದಿಗೆ ಹೋಯಿತು. ಗೇಟು ಬದಲಿಸಲು ನೀರನ್ನು ನೆತ್ತಿಗಿಂತ ಕೆಳಗೆ ಇಳಿಸಲೇಬೇಕಿದ್ದರಿಂದ ಆ ವರ್ಷ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನವಾಯಿತು. ವರ್ಷದ ಕೊನೆಗೆ ಹಳೆಯ ಗೇಟುಗಳನ್ನು ಕಳಚುವ ಕೆಲಸ ಶುರುವಾಯಿತು.

ಸಿಂಧನೂರು, ಕಾರಟಗಿ ಕಡೆ ಬೇಸಿಗೆ ಭತ್ತ ಇಲ್ಲವೆಂದರೆ ರೈತನಿಗಷ್ಟೇ ನಷ್ಟವಲ್ಲ. ನಾಟಿಗೆ ಬರುವ ಹೆಣ್ಣುಮಕ್ಕಳಿಗೆ ಕೂಲಿಯಿಲ್ಲ, ಕಟಾವು ಯಂತ್ರಗಳಿಗೆ ಬಾಡಿಗೆಯಿಲ್ಲ, ರೈಸ್ ಮಿಲ್ಲುಗಳಲ್ಲಿ ಹಮಾಲರಿಗೆ ಕೆಲಸ ಕಡಿಮೆ, ಗುತ್ತಿಗೆಗೆ ಭೂಮಿ ಹಿಡಿದವನಿಗೆ ಸಾಲ ತೀರಿಸುವ ದಾರಿಯಿಲ್ಲ. ಗೇಟುಗಳನ್ನು ವರ್ಷಕ್ಕೆ ನಾಲ್ಕೈದರಂತೆ ಸರದಿ ಪ್ರಕಾರ ಮೊದಲೇ ಬದಲಿಸುತ್ತ ಬಂದಿದ್ದರೆ ಏಳೆಂಟು ಬೇಸಿಗೆಗಳಲ್ಲಿ, ಯಾರ ಬೆಳೆಯನ್ನೂ ಪೂರ್ತಿ ನಿಲ್ಲಿಸದೆ, ಕೆಲಸ ಮುಗಿಯುತ್ತಿತ್ತು. ನಿರ್ವಹಣೆಗೆ ಹಣ ಕೇಳಿದಾಗ ‘ಈ ವರ್ಷ ಬೇಡ’ ಎನ್ನುವವರು ಈ ಎರಡನೇ ಬೆಳೆಯ ನಷ್ಟವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ರಾಜ್ಯದ ಉಳಿದ ಅಣೆಕಟ್ಟೆಗಳ ವಿಷಯ ಬಂದಾಗ ಕೇಳಬೇಕಾದದ್ದು ಬಹಳವಿಲ್ಲ. ಕೋಡಿಯ ಗೇಟುಗಳಿಗೆ ಪ್ರತ್ಯೇಕ ಸ್ಟಾಪ್‌ಲಾಗ್ ಸೀಳು ಇದೆಯೇ? ಇದ್ದರೆ ಆ ಅಡ್ಡಪಟ್ಟಿಗಳು ಡ್ಯಾಮಿನ ಬಳಿಯೇ ಇವೆಯೇ, ಅವನ್ನು ಎತ್ತುವ ಕ್ರೇನು ಚಾಲೂ ಇದೆಯೇ, ಕಳೆದ ಬೇಸಿಗೆಯಲ್ಲಿ ಒಮ್ಮೆಯಾದರೂ ಇಳಿಸಿ ನೋಡಿದ್ದಾರೆಯೇ? ಸರಪಳಿ ಅಥವಾ ಹಗ್ಗವನ್ನು ಕೊನೆಯ ಬಾರಿ ಗ್ರೀಸು ತೊಳೆದು ಪರೀಕ್ಷಿಸಿದ್ದು ಯಾವ ವರ್ಷ, ಸಹಿ ಹಾಕಿದ್ದು ಯಾರು? ರಾತ್ರಿ ಪಾಳಿಯಲ್ಲಿ ಗೇಟು ನಡೆಸುವವರು ಕಾಯಂ ನೌಕರರೋ, ಹೊರಗುತ್ತಿಗೆಯವರೋ, ತರಬೇತಿ ಯಾರು ಕೊಟ್ಟರು? ಕೆಆರ್‌ಎಸ್‌ನಲ್ಲಿ ಹಳೆಯ ಗೇಟುಗಳನ್ನು ಬದಲಿಸುವ ಕೆಲಸ ಕೆಲವು ವರ್ಷಗಳಿಂದ ನಡೆದಿದೆ. ಅದು ಆಗುವುದಾದರೆ ಉಳಿದವುಗಳೂ ಆಗಬಹುದು.

ತುಂಗಭದ್ರೆಯಲ್ಲಂತೂ 19ನೇ ಗೇಟಿನ ಜಾಗದಲ್ಲಿ ಅಡ್ಡಪಟ್ಟಿಗಳು ಕೂತದ್ದು ಗೇಟು ಏರಿಳಿಯುತ್ತಿದ್ದ ಅದೇ ಸೀಳಿನಲ್ಲಿ. ಪ್ರತ್ಯೇಕ ಸೀಳಿಲ್ಲದೆ ಹೊಸ ಗೇಟು ಕೂರಿಸಿಬಿಟ್ಟರೆ, ಅದನ್ನು ಬಿಚ್ಚಿ ನೋಡಬೇಕೆಂದಾಗ ಮತ್ತೆ ನೀರನ್ನು 1,613 ಅಡಿಗೆ ಇಳಿಸಬೇಕಾಗುತ್ತದೆ. ಹೊಸ ಗೇಟುಗಳ ಜೊತೆಗೆ ಸ್ಟಾಪ್‌ಲಾಗ್‌ಗೆ ದಾರಿ ಮಾಡಿಕೊಡುವುದು ಎಷ್ಟರ ಮಟ್ಟಿಗೆ ಸಾಧ್ಯ, ಸಾಧ್ಯವಿಲ್ಲದಿದ್ದರೆ ಬದಲಿ ಏನು ಎಂಬುದನ್ನು ಮಂಡಳಿ ಮುಂದಿನ ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ರೈತ ಪ್ರತಿನಿಧಿಗಳ ಎದುರು ಬರಹದಲ್ಲಿ ಇಡಬೇಕು.